ಹನ್ನೆರಡರ ಚೂಡಿ

"ಅಂಕಿತಾ, ಅಳತೆ ನನ್ ಹತ್ರ ಅದೆ. ಹನ್ನೆರಡರ ಚೂಡಿ ಹಾಕಿ ಕೊಡ್ತೆ, ಅಲುಗಾಡುದಿಲ್ಲ."

ಹಿತ್ತಲಲ್ಲಿ ನಿಂತು ಫೋನಿಗೆ ಹೀಗೆಂದ ಗಂಡನ ಮಾತು ಒಲೆಯ ಮುಂದಿದ್ದ ನಾಗುವಿನ ಕಿವಿಗೆ ಬಿದ್ದದ್ದೇ ತಡ, ದೋಸೆ ಕಾವಲಿಯಲ್ಲೇ ಸೀದುಹೋಯಿತು. ಚೂಡಿದಾರ ಹೊಲಿಯಲು ಶ್ರೀಧರ ದರ್ಜಿಯಲ್ಲ, ಲೋಹ ಕಡೆಯುವ ಲೇಥ್ ಅಂಗಡಿಯವನು. ಹಾಗಾದರೆ ಬಳೆಯೇ. ಮಿರ್ಜಾನದ ತವರಿನಲ್ಲಿ ಪಕ್ಕದಮನೆ ಕೊಂಕಣಿಯವರು ಮದುಮಗಳಿಗೆ ತೊಡಿಸುವುದು ಚೂಡೊ, ಭಟ್ಕಳದ ಪೇಟೆಯಲ್ಲಿ ಮಾರುವುದು ಚೂಡಿ. ಇಷ್ಟು ಗೊತ್ತಿಲ್ಲದಷ್ಟು ದಡ್ಡಿಯೇ ಅವಳು? ಧಾರೇಶ್ವರದಲ್ಲಿ ಬಳೆಯಂಗಡಿಯ ಮುಂದೆ ನಿಂತವಳನ್ನು ಬಸ್ಸು ತಪ್ಪುತ್ತದೆಂದು ಎಳೆದುಕೊಂಡು ಬಂದ ಮಹಾನುಭಾವನಿಗೆ ಯಾರದೋ ಕೈಯ ಅಳತೆ ಬಾಯಿಪಾಠ.

ಅವನು ಬುತ್ತಿ ಮರೆತು ಹೋದದ್ದು ಒಳ್ಳೆಯ ನೆಪವಾಯಿತು. ನಾಗು ಕುಮಟೆಯಲ್ಲಿ ಬಸ್ಸು ಹತ್ತಿ ಹೊನ್ನಾವರದ ಹೆದ್ದಾರಿ ಬದಿಯ ಅಂಗಡಿಗೆ ಹೋದಳು.

ಅಂಗಡಿ ಮುಂದೆ ಕೆಂಪು ಕಾರು. ಪಕ್ಕದಲ್ಲಿ ನಿಂತವಳೇ ಅಂಕಿತಾ ಇರಬೇಕು. ಅವಳ ಕೈಗಳನ್ನೇ ನಾಗು ಮೊದಲು ನೋಡಿದಳು. ಎರಡೂ ಬೋಳು.

"ಚೂಡಿ ಎಲ್ಲಿ?" ಎಂದು ಕೇಳಿಯೇಬಿಟ್ಟಳು.

ಶ್ರೀಧರ ನಡುವೆ ತೂತಿದ್ದ ಹಿತ್ತಾಳೆಯದೊಂದು ಪುಟ್ಟ ಬಿಲ್ಲೆ ಎತ್ತಿ ತೋರಿಸಿದ. ಅಂಕಿತಾ ಆನ್‌ಲೈನಿನಲ್ಲಿ ತರಿಸಿದ ಮರದ ಗೇರ್ ಗುಂಡು ಅವಳ ಕಾರಿನ ಗೇರ್ ಸರಳಿಗೆ ಕೂರುತ್ತಿರಲಿಲ್ಲವಂತೆ. ಎರಡನ್ನೂ ಕೂಡಿಸಲು ನಡುವೆ ಇದು. ಬಿಲ್ಲೆಯ ಒಳಗೂ ಹೊರಗೂ ಸ್ಕ್ರೂವಿನ ಸುತ್ತು ಕೊರೆದಿತ್ತು. "ಈ ಸುತ್ತಿಗೇ ಚೂಡಿ ಹೇಳುದು. ಸರಳು ಹನ್ನೆರಡು ಎಂಎಂ, ಅದ್ಕೇ ಹನ್ನೆರಡರ ಚೂಡಿ. ಭಟ್ಕಳದ ಉಸ್ತಾದ್ರು ಕಲ್ಸಿದ್ದು," ಎಂದ.

ನಾಗುವಿಗೆ ನಗು ಬಂತು, ಎದೆ ಹಗುರಾಯಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳೇ ಒಗೆದು ಮಡಿಚಿಟ್ಟ ಕರವಸ್ತ್ರದಲ್ಲಿ ಶ್ರೀಧರ ಬಿಲ್ಲೆಯನ್ನು ಒರೆಸಿದ, ಉಫ್ ಎಂದು ಊದಿದ, ಎರಡೇ ಬೆರಳಲ್ಲಿ ಮೆಲ್ಲಗೆ ತಿರುಗಿಸಿ ಸರಳಿಗೆ ಕೂರಿಸಿದ. ಮೇಲೆ ಗುಂಡು ಕೂತಿತು. ಅಂಕಿತಾ ಗೇರ್ ಹಾಕಿ ನೋಡುವಾಗ ಕಿಟಕಿಗೆ ಬಾಗಿ ಕೇಳಿದ:

"ಕೈಗೆ ಹಿತ ಆತಾ?"

ಈ ದನಿ ಮನೆಗೆ ಒಂದು ದಿನವೂ ಬಂದದ್ದಿಲ್ಲ. ಅಂಕಿತಾಳ ಮೇಲೆ ಸಿಟ್ಟು ಉಳಿದಿರಲಿಲ್ಲ. ಈಗ ಆ ಹಿತ್ತಾಳೆ ಚೂರಿನ ಮೇಲೆ ನಾಗುವಿಗೆ ಹೊಟ್ಟೆಕಿಚ್ಚು.

ಕಾರು ಹೋಯಿತು. ಮೇಜಿನ ಮೇಲೆ ಅಂಥದೇ ಇನ್ನೊಂದು ಬಿಲ್ಲೆ ಬಿದ್ದಿತ್ತು, ತೂತು ದೊಡ್ಡದಾಗಿ ಕೆಟ್ಟದ್ದು. ನಾಗು ಅದನ್ನೆತ್ತಿ ಕಿರುಬೆರಳಿಗೆ ಒತ್ತಿದಳು. ಗೆಣ್ಣು ದಾಟಿ ಕೂತಿತು.

"ಎಂತ ಮಾಡ್ಕಂಡ್ಯೆ? ಅದು ಹಾಳಾದ್ದು. ಕೈ ಕೊಯ್ತದೆ, ತೆಗಿ."

ಎಳೆದರೂ ಬರಲಿಲ್ಲ. ಶ್ರೀಧರ ಹತ್ತಿರ ಬಂದು ಅವಳ ಕೈ ಹಿಡಿದ, ಬೆಳಕಿಗೆ ತಿರುಗಿಸಿದ, ಉಫ್ ಎಂದು ಊದಿದ. ಆಮೇಲೆ ಎಣ್ಣೆ ಡಬ್ಬಿಗೆ ಕೈ ಚಾಚಿದ.

ನಾಗು ಬೆರಳು ಮಡಿಚಿಕೊಂಡಳು.