ನಮ್ಮ ಮನ್ಯಾಗ ಟಿವಿ ಇಲ್ರಿ

ಚಪ್ಪಲಿ ಬಿಚ್ಚಲಿಲ್ಲ, ಹಾಗೇ ಏಣಿ ಹತ್ತಿದ, ಎಡಗಾಲಿನ ಚಪ್ಪಲಿಯ ಉಂಗುಟ ಹರಿದು ದಾರ ಕಟ್ಟಿದ್ದಾನೆ, ಆ ದಾರದ ತುದಿ ನನ್ನ ಕಣ್ಣೆದುರೇ ಅಲ್ಲಾಡುತ್ತ ಮೇಲೆ ಹೋಯಿತು — ಗಂಗಾರಾಮ, ಕೇಬಲ್ಲಿನ ಲೈನ್‌ಮನ್, ಐವತ್ತು ದಾಟಿದವನು, ಮಂದಿಯ ಮನೆಯೊಳಗೆ ಬರುವಾಗ ಚಪ್ಪಲಿ ಬಿಡಬೇಕೆಂಬುದು ಗೊತ್ತಿಲ್ಲದವನೇನಲ್ಲ, ಆದರೆ ಕಳ್ಳರ ಮನೆಯಲ್ಲಿ ಯಾರು ಬಿಡುತ್ತಾರೆ, ಅಡುಗೆಮನೆಯಲ್ಲಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೊಂದು ತಾಟು ಮುಚ್ಚಿಟ್ಟು ಬಂದಿದ್ದೇನೆ, ಹೊತ್ತು ಮುಳುಗಲು ಇನ್ನು ಮುಕ್ಕಾಲು ತಾಸು ಇರಬಹುದು, ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ, ಬುದ್ಧಿ ಬಂದಾಗಿನಿಂದ ಉಂಡಿಲ್ಲ, ಇವರು ಬೇಗ ನೋಡಿ ಹೋದರೆ ಸಾಕು — ಏನನ್ನು ನೋಡಿ ಹೋಗುವುದು, ಇಲ್ಲದ್ದನ್ನು. ಹೇಳ್ರಿ ರಾಜಮತಿಬಾಯಾರ, ಟಿವಿ ಎಲ್ಲಿಟ್ಟೀರಿ, ಅಂತ ಸಂಗ್ರಾಮ ಮೂರನೇ ಸಲ ಕೇಳುತ್ತಾನೆ, ಕಾಗವಾಡದ ಅರ್ಧ ಊರಿಗೆ ಕೇಬಲ್ ಕೊಟ್ಟವನು ಅವನು, ಮೊಬೈಲ್ ಎತ್ತಿ ಹಿಡಿದು ನನ್ನ ಮನೆಯ ವಿಡಿಯೋ ಮಾಡುತ್ತಿದ್ದಾನೆ, ಗೋಡೆ, ಮಂಚ, ತೀರ್ಥಂಕರರ ಪಟ, ನಾನು. ನಮ್ಮ ಮನ್ಯಾಗ ಟಿವಿ ಇಲ್ಲಪಾ, ಒಂಬತ್ತು ವರ್ಷ ಆತು. ನನ್ನ ದನಿ ನನಗೇ ಸುಳ್ಳು ಹೇಳುವವರ ದನಿಯಂತೆ ಕೇಳಿಸುತ್ತಿದೆ, ಯಾವ ಮಾತನ್ನೇ ಆಗಲಿ ಮೂರು ಸಲ ಹೇಳಿಸಿದರೆ ಅದು ಸುಳ್ಳಾಗುತ್ತದೋ ಏನೋ. ಟಿವಿ ಇಲ್ಲದ ಮನಿಗೆ ವಾಯರ್ ಯಾಕ ಬೇಕ್ರಿ, ಅನ್ನುತ್ತಾನೆ, ಕಂಬದಿಂದ ಕದ್ದು ಎಳದ ವಾಯರ್ ನಿಮ್ಮ ಹಂಚಿನ ಕೆಳಗ ಹೋಗೈತಿ, ಓಣ್ಯಾಗ ಹನ್ನೊಂದು ಮನಿಗೆ ಚಿತ್ರ ಅಲಗಾಡಾಕತ್ತೈತಿ. ಆ ಕರಿ ವಾಯರನ್ನು ನಾನೂ ನೋಡಿದ್ದೆ, ನೋಡಿಲ್ಲ ಅಂತ ಹೇಳಲಾರೆ, ಅಂಗಳದಲ್ಲಿ ಬಟ್ಟೆ ಹರವುವಾಗ ತಲೆಯ ಮೇಲೆ ಇರುತ್ತಿತ್ತು, ಟೆಲಿಫೋನಿನದೋ ಕರೆಂಟಿನದೋ ಅಂದುಕೊಂಡಿದ್ದೆ, ತಲೆಯ ಮೇಲೆ ಹಾದುಹೋಗುವ ವಾಯರಿಗೆಲ್ಲ ಯಾರದು ನೀನು ಅಂತ ಕೇಳುವ ರೂಢಿ ನನಗಿಲ್ಲ.

ಗಂಡ ತೀರಿಕೊಂಡು ತಿಂಗಳಾಗುವುದರೊಳಗೆ ಟಿವಿಯನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಕೊಟ್ಟುಬಿಟ್ಟೆ. ಅದು ಅವರದು. ಕುಸ್ತಿ ನೋಡುತ್ತಿದ್ದರು, ಬಾತಮಿ-ಸುದ್ದಿ ನೋಡುತ್ತಿದ್ದರು, ನೋಡುತ್ತ ನೋಡುತ್ತ ಗೊರಕೆ ಹೊಡೆಯುತ್ತಿದ್ದರು, ಬಂದ್ ಮಾಡಲು ಹೋದರೆ ಕಣ್ಣು ತೆರೆಯದೇ ನಾ ನೋಡಾಕತ್ತೇನಿ ಅನ್ನುತ್ತಿದ್ದರು. ನನಗೆ ಅದು ಇಷ್ಟವಿರಲಿಲ್ಲ, ಇಷ್ಟೇ ಸಂಗತಿ, ಸಂಜೆಯಾದರೆ ಅಕ್ಕಿ ಆರಿಸುತ್ತ ಕೂತಿರಬೇಕು, ಮೀರಜದ ಬಸ್ಸು ತಿರುವಿನಲ್ಲಿ ಗೇರ್ ಬದಲಿಸುವುದು ಕೇಳಿಸಬೇಕು, ಯಾರೂ ನನ್ನ ಮನೆಯೊಳಗೆ ಬಂದು ಚೀರಬಾರದು. ಆದರೆ ಇಷ್ಟವಿಲ್ಲ ಅನ್ನುವ ಕಾರಣ ಈ ಊರಲ್ಲಿ ಯಾರಿಗೂ ಸಾಲುವುದಿಲ್ಲ. ಕಣ್ಣಿನ ತ್ರಾಸೇನ್ರಿ ಅಂತ ಕೇಳಿದರು, ವ್ರತ ಹಿಡದೀರೇನ್ರಿ ಅಂತ ಕೇಳಿದರು, ವ್ರತ ಅಂದಿದ್ದರೆ ಕಾಲಿಗೆ ಬೀಳುತ್ತಿದ್ದರು, ಕಣ್ಣು ಹೋಗಿದೆ ಅಂದಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು, ಬರೀ ಬ್ಯಾಡ ಅಂದದ್ದಕ್ಕೆ ಒಳಗೊಳಗೇ ಏನೋ ಮುಚ್ಚಿಟ್ಟಿದ್ದಾಳೆ ಅನ್ನುವ ಹಾಗೆ ನೋಡಿದರು. ಸಂಗ್ರಾಮನೂ ಹಾಗೇ ನೋಡುತ್ತಿದ್ದಾನೆ, ಮಂಚದ ಕೆಳಗೆ ಬಗ್ಗಿದ, ಜೋಳದ ಡಬ್ಬದ ಹಿಂದೆ ಕೈ ಹಾಕಿದ, ಅವನದೇನೂ ತಪ್ಪಿಲ್ಲ, ಟಿವಿ ನೋಡದ ಮನುಷ್ಯರು ಇರುತ್ತಾರೆಂದು ಅವನ ಅಪ್ಪನೂ ಅವನಿಗೆ ಹೇಳಿರಲಿಕ್ಕಿಲ್ಲ. ನನ್ನ ಅಪ್ಪ ಹೇಳಿದ್ದ. ತವರು ಮಂಗಸೂಳಿಯಲ್ಲಿ, ನನಗೆ ಏಳೋ ಎಂಟೋ ವರ್ಷ, ಆಗ ರೇಡಿಯೋಕ್ಕೂ ಲೈಸೆನ್ಸ್, ಪೋಸ್ಟಿನಲ್ಲಿ ಒಂದು ಸಣ್ಣ ಪುಸ್ತಕ, ವರ್ಷಕ್ಕೊಮ್ಮೆ ಶಿಕ್ಕಾ ಒತ್ತಿಸಬೇಕು, ಒಂದು ಮಳೆಗಾಲದಲ್ಲಿ ರೇಡಿಯೋದೊಳಗೆ ಇಲಿ ಮರಿ ಹಾಕಿ ರೇಡಿಯೋನೇ ಸತ್ತುಹೋಯಿತು, ಅಪ್ಪ ನನ್ನ ಕೈ ಹಿಡಿದುಕೊಂಡು ಪೋಸ್ಟಿಗೆ ಹೋಗಿ ಪುಸ್ತಕ ಮೇಜಿನ ಮೇಲಿಟ್ಟು, ರೇಡಿಯೋ ಕೆಟ್ಟೈತ್ರಿ, ನಾ ಇನ್ನ ಕೇಳೂದಿಲ್ಲ, ಅಂದ. ಪೋಸ್ಟ್ ಮಾಸ್ತರ ಕನ್ನಡಕದ ಮೇಲಿಂದ ನೋಡಿ ಆತು ಬಿಡ್ರಿ ಅಂದ. ಅಷ್ಟೇ. ಯಾರೂ ನಮ್ಮ ಮನೆಗೆ ಬಂದು ಇಲಿಮರಿ ಎಣಿಸಲಿಲ್ಲ. ಗಂಡಸರ ಮಾತಿಗೆ ಅಷ್ಟು ಬೆಲೆ ಇತ್ತೋ, ಆ ಕಾಲಕ್ಕೇ ಅಷ್ಟು ಬೆಲೆ ಇತ್ತೋ, ಈಗ ತಿಳಿಯುವುದಿಲ್ಲ.

ಎಂಟರ ಮರಾಠಿ ಸೀರಿಯಲ್ಲಿನ ಅತ್ತಿ ಸತ್ತಳಂತಲ್ರಿ, ಅಂತ ಸಂಗ್ರಾಮ ಸುಮ್ಮನೆ ಮಾತಿಗೆ ಅಂದಂತೆ ಅಂದ, ನಾನು ಬುದ್ಧಿಗೇಡಿ, ಸತ್ತಿಲ್ಲಪಾ, ದವಾಖಾನ್ಯಾಗ ಅದಾಳ, ಇನ್ನೂ ಕಣ್ಣು ಬಿಟ್ಟಿಲ್ಲ, ಅಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ಅವನು ನಗಲಿಲ್ಲ, ಮೊಬೈಲನ್ನು ನನ್ನ ಮುಖದ ಹತ್ತಿರ ತಂದ. ನೋಡಲ್ಲ ಅಂತೀರಿ, ಎಲ್ಲಾ ಗೊತ್ತೈತಿ. ಗೋಡಿ ಆಚೆಯಿಂದ ಕೇಳಸತೈತಪಾ, ಅಂದೆ, ಅದು ನಿಜ, ಒಂದೇ ಮನೆ ಇದು, ಗಂಡ ಮತ್ತು ಮೈದುನ ಭೂಪಾಲ ಹಿಸ್ಸೆ ಮಾಡಿಕೊಂಡಾಗ ನಡುವೆ ಗೋಡೆ ಎಬ್ಬಿಸಿದರು, ಒಂದೇ ಇಟ್ಟಂಗಿಯ ಗೋಡೆ, ಅತ್ತ ಭೂಪಾಲನ ಹೆಂಡತಿ ಮನೀಷಾ ಒಗ್ಗರಣೆ ಹಾಕಿದರೆ ಇತ್ತ ನನಗೆ ಸೀನು, ಅವರ ಟಿವಿಯಲ್ಲಿ ಎಷ್ಟು ಸೊಸೆಯಂದಿರು ಎಷ್ಟು ಅತ್ತೆಯಂದಿರ ಕಾಲಿಗೆ ಬಿದ್ದರು ಅನ್ನುವುದು ಒಂಬತ್ತು ವರ್ಷದಿಂದ ನನ್ನ ಕಿವಿಯ ಪಾಲು. ಗೋಡಿ ಆಚೆ ಅಂದದ್ದನ್ನು ಅವನು ಕೇಳಿಸಿಕೊಂಡ, ಆದರೂ ಆ ಮಾತನ್ನು ಅಲ್ಲಿಗೇ ಬಿಟ್ಟ. ಅಷ್ಟರಲ್ಲಿ ಅವನ ಕೈ ನನ್ನ ಟ್ರಂಕಿನ ಮೇಲಿತ್ತು, ಇದನ್ನ ತೆಗೀರಿ, ನಾನು ಕೀಲಿ ತೆಗೆಯಲು ಬಗ್ಗಿದೆ, ಮಂದಿ ನನ್ನ ಟ್ರಂಕು ಶೋಧಿಸುವುದು ಇದು ಎರಡನೇ ಸಲ. ಮದುವೆಯಾದ ಮೂರನೇ ವರ್ಷ ಅತ್ತೆಯ ಬೋರಮಾಳ ಸರ ಕಾಣಲಿಲ್ಲ, ಬಂಗಾರದ್ದು, ಅತ್ತೆ ನನ್ನ ಟ್ರಂಕು ತಂದು ನಡುಮನೆಯಲ್ಲಿ ಸುರಿದಳು, ಸೀರೆ, ಕುಪ್ಪಸ, ಒಳಗಿನ ಬಟ್ಟೆ ಸುದ್ಧಾ ಒಂದೊಂದೇ ಝಾಡಿಸಿ ನೋಡಿದಳು, ಓಣಿಯ ಹೆಂಗಸರು ಬಾಗಿಲಲ್ಲಿ, ಸರ ಒಯ್ದವರು ನನ್ನ ಗಂಡ, ನನಗೆ ಗೊತ್ತಿತ್ತು, ಯಾರಿಗೆ ಕೊಟ್ಟರು ಯಾಕೆ ಕೊಟ್ಟರು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಕಂಬಕ್ಕೆ ಒರಗಿ ನಿಂತು ಉಗುರು ಕಚ್ಚುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ. ಗಂಡನ ಮಾನ ಅಂದುಕೊಂಡೆ. ಅತ್ತೆ ಸಾಯುವತನಕ ನನ್ನ ಕೈಗೆ ಮನೆಯ ಕೀಲಿ ಕೊಡಲಿಲ್ಲ, ಸುಮ್ಮನಿದ್ದವಳಿಗೆ ಅದೇ ಸಿಕ್ಕ ಬಹುಮಾನ. ಸಂಗ್ರಾಮ ಸೀರೆ ಸರಿಸಿ ನೋಡಿ ಮುಚ್ಚಿದ, ಇವನ ಕೈ ಅತ್ತೆಯ ಕೈಗಿಂತ ಮೆದು.

ಇವತ್ತು ಮಧ್ಯಾಹ್ನ ಮನೀಷಾ ಹಿತ್ತಲ ಬಾಗಿಲಿನಿಂದ ಬಂದಿದ್ದಳು, ಬಟ್ಟಲಲ್ಲಿ ಶೇಂಗಾ ಚಟ್ನಿ ಹಿಡಿದುಕೊಂಡು, ಎಂದೂ ಹಾಗೆ ಬರುವವಳಲ್ಲ. ಅಕ್ಕಾರ, ಸಂಜಿಕ್ಕ ಕೇಬಲ್ಲಿನವರು ಬರತಾರಂತ, ಅಂದಳು. ಬರಲಿ, ನನಗೇನ, ಅಂದೆ. ಆ ವಾಯರ್ ನಮ್ಮದ್ರಿ, ಅಂದಳು, ನೆಲ ನೋಡುತ್ತ. ಹೋದ ಚುನಾವಣೆಯಲ್ಲಿ ಭೂಪಾಲ ಸಂಗ್ರಾಮನ ಜೊತೆ ಜಗಳಾಡಿ ಇವನ ವಾಯರ್ ನನ್ನ ಮನ್ಯಾಗ ಬ್ಯಾಡ ಅಂತ ಓಣಿಗೆಲ್ಲ ಕೇಳುವಂತೆ ಹೇಳಿ ಕಿತ್ತೊಗೆದಿದ್ದ, ಮಾಳಿಗೆಯ ಮೇಲೆ ಡಿಶ್ಶಿನ ಛತ್ರಿ ಕೂರಿಸಿದ್ದ, ಆ ಛತ್ರಿಯನ್ನು ಮಳೆಗಾಲದ ಗಾಳಿ ಮುರಿಯಿತು, ಸಂಗ್ರಾಮನ ಹತ್ತಿರ ಮತ್ತೆ ಹೋಗಲು ಮಾನ ಬಿಡಲಿಲ್ಲ, ಕದಿಯಲು ಮಾನ ಬಿಟ್ಟಿತು, ಮತ್ತು ಕದ್ದ ವಾಯರು ತನ್ನ ಮನೆಯ ಮೇಲೆ ಕಾಣಬಾರದು, ವೈನಿಯ, ಅಂದರೆ ನನ್ನ, ಅಟ್ಟದ ಮೇಲೆ ಹಾಯಿಸಿ ಗೋಡೆಯಿಂದ ತೂರಿಸಿದರೆ ಯಾರಿಗೆ ಗೊತ್ತಾಗುತ್ತದೆ. ಐತವಾರ ನಮ್ಮ ದೀಪಾಲಿನ್ನ ನೋಡಾಕ ಶೇಡಬಾಳದಿಂದ ವರನ ಕಡೆಯವರು ಬರತಾರ್ರಿ, ಇಂಥಾ ಹೊತ್ತಿನ್ಯಾಗ ನಮ್ಮ ಹೆಸರು ಬಂದರ ಹುಡುಗಿ ಗತಿ ಏನ್ರಿ, ನೀವು ಹೂಂ ಅಂದುಬಿಡ್ರಿ, ನಿಮಗ ವಯಸ್ಸಾಗೈತಿ, ನಿಮಗ ಯಾರೂ ಏನೂ ಅನ್ನೂದಿಲ್ಲ. ನಿಮಗೆ ಯಾರೂ ಏನೂ ಅನ್ನುವುದಿಲ್ಲ, ಅಂದರೆ ನಿಮಗೆ ಹೋಗುವಂಥದ್ದು ಏನೂ ಇಲ್ಲ, ಗಂಡ ಇಲ್ಲ, ಮಕ್ಕಳಿಲ್ಲ, ಲಗ್ನ ಮುರಿಯಲು ಲಗ್ನವೇ ಇಲ್ಲ. ಪ್ರತಿ ಐತವಾರ ಬಸದಿಯ ಪಾಠಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ಐದು ಅಣುವ್ರತ ಹೇಳಿಕೊಡುತ್ತೇನೆ, ಮೂರನೆಯದು ಅಚೌರ್ಯ, ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು, ಅದೇ ಚಾಪೆಯ ಮೇಲೆ ಮನೀಷಾಳ ಮಗಳು ದೀಪಾಲಿಯೂ ಚಿಕ್ಕವಳಿದ್ದಾಗ ಕೂತು ಕೈಕಟ್ಟಿ ಹೇಳಿದವಳು, ಅಚೌರ್ಯಕ್ಕೆ ಒಂದು ದೃಷ್ಟಾಂತ ಹೇಳು ಅಂದರೆ ಮಂದಿ ಪೆನ್ಸಿಲ್ ತಗೋಬಾರದ್ರಿ ದೊಡ್ಡವ್ವಾ ಅಂದಿದ್ದಳು, ಬಾಯಾರ ಅನ್ನಬೇಕು ಇಲ್ಲಿ ಅಂತ ಗದರಿಸಿದ್ದೆ. ಮನೀಷಾಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಚಟ್ನಿ ತಗೊಂಡು ಹೋಗವಾ, ನನ್ನ ಕಡೆ ಐತಿ, ಅಂದೆ.

ಅಟ್ಟದ ಮೇಲೆ ಗಂಗಾರಾಮ ಬ್ಯಾಟರಿ ಹಚ್ಚಲಿಲ್ಲ. ಹಳೆಯ ಹಾಸಿಗೆ, ಒಡೆದ ತೊಟ್ಟಿಲು, ಹಿತ್ತಾಳೆಯ ಹಂಡೆ, ನಾನೇ ಹತ್ತಿದರೆ ತಡವರಿಸುತ್ತೇನೆ, ಅವನು ಕತ್ತಲಲ್ಲಿ ಹೆಜ್ಜೆ ತಪ್ಪದೆ ಮೂಲೆಗೆ ಹೋದ, ಹೆಜ್ಜೆಯ ಸಪ್ಪಳದಲ್ಲೇ ತಿಳಿಯಿತು, ಈ ದಾರಿ ಅವನಿಗೆ ಗೊತ್ತು, ಈ ವಾಯರನ್ನು ಹಾಯಿಸಿದ ಕೈ ಅವನದೇ, ನಾನು ಪಾಠಶಾಲೆಯಲ್ಲಿದ್ದ ಯಾವುದೋ ಐತವಾರ ಹಿತ್ತಲಿಂದ ಬಂದಿರಬೇಕು. ಸಿಕ್ತೇನೋ, ಅಂತ ಸಂಗ್ರಾಮ ಕೂಗಿದ. ಸಿಕ್ತು, ಗೋಡ್ಯಾಗ ಹೋಗೈತಿ. ಎಳಿ. ಮೇಲಿಂದ ಮಣ್ಣು ಉದುರಿತು, ನನ್ನ ತಲೆಯ ಮೇಲೆ, ಹೆಗಲ ಮೇಲೆ, ಅತ್ತ ಮನೆಯ ಟಿವಿಯೊಳಗೆ ಮರಾಠಿಯಲ್ಲಿ ಅಳುತ್ತಿದ್ದ ಹೆಂಗಸು ಅಳುವಿನ ನಡುವೆಯೇ ನಿಂತುಹೋದಳು, ಅಟ್ಟದ ಕೆಳಗೆ ಗೋಡೆಯ ಗಾರೆ ಸಿಡಿದು ವಾಯರು ಸರ್ರನೆ ಹೊರಗೆ ಬಂತು, ಅದರ ತುದಿಯಲ್ಲಿ ಹಿತ್ತಾಳೆಯ ಪಿನ್ನು ಹೊಳೆಯುತ್ತಿತ್ತು. ಗೋಡೆಯಲ್ಲಿ ಹೆಬ್ಬೆರಳಿನಷ್ಟು ತೂತು. ಗಂಗಾರಾಮ ಇಳಿದು ಬಂದ, ಮೂರು ಜನ ಆ ತೂತು ನೋಡುತ್ತ ನಿಂತೆವು. ತೂತಿನ ಆಚೆ ದೀಪದ ಬೆಳಕಿತ್ತು, ಒಂದು ಗಳಿಗೆಯಲ್ಲಿ ಆ ಬೆಳಕು ಮರೆಯಾಯಿತು, ಅಲ್ಲೊಂದು ಕಣ್ಣು ಬಂದು ನಿಂತಿತು.

ಸಂಗ್ರಾಮ ಮೊದಲು ಮುಖ ತಿರುಗಿಸಿದ. ಕಿಸೆಯಿಂದ ಕಾಗದ ತೆಗೆದು ಮಂಚದ ಮೇಲಿಟ್ಟ, ಬರೆದೇ ತಂದಿದ್ದ, ನಾನು ಅನಧಿಕೃತವಾಗಿ ಕೇಬಲ್ ಬಳಸಿದ್ದು ನಿಜ, ಕ್ಷಮೆ ಕೋರುತ್ತೇನೆ, ಕೆಳಗೆ ನನ್ನ ಹೆಸರು, ಇಲ್ಲೊಂದು ಸಹಿ ಮಾಡ್ರಿ, ಪೊಲೀಸ ಗಿಲೀಸ ಏನೂ ಬ್ಯಾಡ, ಮುಗೀತು. ಬರೆದೇ ತಂದಿದ್ದ. ಹುಡುಕುವ ಮೊದಲೇ. ಮುಂದಿನ ಚುನಾವಣೆಗೆ ಅವನು ನಿಲ್ಲುವವನು, ಭೂಪಾಲನ ಕಡೆಯ ಮನೆಗಳು ಅವನಿಗೆ ಬೇಕು, ಭೂಪಾಲನಿಗೆ ಮಾನ ಬೇಕು, ಕಳವನ್ನು ನನ್ನ ಹೆಸರಿಗೆ ಹಾಕಲು ಇಬ್ಬರೂ ಯಾವಾಗ ಕೂತು ಮಾತಾಡಿದರೋ, ಯಾರು ಚಹಾ ಕೊಟ್ಟರೋ, ಮಧ್ಯಾಹ್ನದ ಚಟ್ನಿಗಿಂತ ಮೊದಲೋ ಆಮೇಲೋ. ಆಚೆ ಭೂಪಾಲನ ಮನಿ ಐತಿ, ಅಂದೆ. ದನಿ ಜೋರಾಗಿರಲಿಲ್ಲ, ಆದರೆ ಮೂವತ್ತು ಮಕ್ಕಳಿಗೆ ಕೇಳಿಸುವ ದನಿ ನನ್ನದು. ವಾಯರ್ ಅವನದು, ಹಾಕಿದಾವ ಗಂಗಾರಾಮ, ಅವನನ್ನ ಕೇಳು. ಗಂಗಾರಾಮ ವಾಯರನ್ನು ಮೊಣಕೈಗೆ ಸುತ್ತುತ್ತಲೇ ಇದ್ದ, ಒಂದು ಸುತ್ತು, ಇನ್ನೊಂದು ಸುತ್ತು. ಸಂಗ್ರಾಮ ಮೊಬೈಲಿನ ವಿಡಿಯೋ ಬಂದ್ ಮಾಡಿದ. ನಾ ಅದನ್ನ ಕೇಳಿಲ್ರಿ ಬಾಯಾರ, ವಾಯರ್ ಸಿಕ್ಕಿದ್ದು ನಿಮ್ಮ ಮನ್ಯಾಗ, ಅಷ್ಟ ಹೇಳತೇನಿ. ಸಹಿ ಮಾಡೂದಿಲ್ಲ, ಅಂದೆ. ಆತು, ಅಂದ, ಪೆನ್ನು ತೆಗೆದು ನನ್ನ ಹೆಸರಿನ ಪಕ್ಕದಲ್ಲಿ ಸಹಿ ನಿರಾಕರಿಸಿದರು ಅಂತ ಬರೆದ, ಅದರ ಫೋಟೋ ತೆಗೆದ, ಓಣಿಯ ಗ್ರೂಪಿಗೆ ಹೋಗುವಾಗ ಮೊಬೈಲು ಮಾಡುವ ಪುಟ್ಟ ಸಪ್ಪಳ, ಐತವಾರದೊಳಗೆ ಬಸದಿಯ ಕಮಿಟಿಯವರು ಬಂದು ಸ್ವಲ್ಪ ದಿನ ಪಾಠಶಾಲಿ ಬಿಟ್ಟು ವಿಶ್ರಾಂತಿ ತಗೋರಿ ಅನ್ನುತ್ತಾರೆ, ಕಮಿಟಿಯಲ್ಲಿ ಭೂಪಾಲನೂ ಇದ್ದಾನೆ, ಅವನೇ ಎಲ್ಲರಿಗಿಂತ ಮೆತ್ತಗೆ ಅನ್ನುತ್ತಾನೆ. ಅವರು ಹೋದರು, ಚಪ್ಪಲಿಯ ಮಣ್ಣು ಏಣಿಯ ಮೆಟ್ಟಿಲ ಮೇಲೆ, ಕಿಟಕಿಯ ಸರಳುಗಳ ಮೇಲೆ ಇದ್ದ ಕೆಂಪು ಬೆಳಕು ಹೋಗಿದೆ, ಹೊತ್ತು ಮುಳುಗಿತು, ಇವತ್ತು ಉಪವಾಸ, ಇರಲಿ, ಕಣ್ಣು ಅಲ್ಲೇ ಇದೆ. ನಸುಗಂದು ಬಣ್ಣದ ಬೆಕ್ಕಿನ ಕಣ್ಣು, ಆ ಮನೆಯಲ್ಲಿ ಅಂಥ ಕಣ್ಣು ಒಬ್ಬಳದೇ. ದೀಪಾಲಿ, ಅಂದೆ. ಎಲ್ಲ ಕೇಳಿದ್ದೀಯ, ಎಲ್ಲ ನೋಡಿದ್ದೀಯ, ನೀನು ಹೊರಗೆ ಬಂದು ಒಂದು ಮಾತು ಹೇಳಿದರೆ ಸಾಕಿತ್ತು, ಬೇಡ, ಓಣಿಗೆ ಬೇಡ, ಈ ತೂತಿನಿಂದಲೇ, ನನ್ನೊಬ್ಬಳಿಗೇ, ದೊಡ್ಡವ್ವಾ ಅಂತ ಅಂದುಬಿಡು, ಅಷ್ಟು ಸಾಕು — ನಾನು ಹತ್ತಿರ ಹೋಗುತ್ತೇನೆ, ಗಾರೆಯ ಪುಡಿ ಕಾಲಿಗೆ ಚುಚ್ಚುತ್ತದೆ, ಗೋಡೆಗೆ ಅಂಗೈ ಊರಿ ನಿಲ್ಲುತ್ತೇನೆ, ಕಣ್ಣು ಮಿಟುಕುತ್ತದೆ, ನೀರು ಇದೆಯೋ ಬರೀ ಧೂಳು ಹೊಕ್ಕಿದೆಯೋ, ಮಿಟುಕುತ್ತದೆ, ಹಿಂದಿನಿಂದ ಮನೀಷಾ ಏನೋ ಪಿಸುಗುಡುತ್ತಾಳೆ, ಆದರೂ ಸರಿಯುವುದಿಲ್ಲ, ಮಾತಾಡುವುದಿಲ್ಲ, ತೂತಿನ ತುಂಬ ಆ ಕಣ್ಣು, ನನ್ನನ್ನೇ ನೋಡುವ ಕಣ್ಣು, ಕಣ್ಣು.