ಸೈಟಿನ ಸಾಸಿವೆ ಸೊಪ್ಪು

ಮಣ್ಣಿಗಿಂತ ಮನೆಯವರನ್ನು ಸರಿಮಾಡುವುದು ಕಷ್ಟ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಇಟ್ಟಮಡುವಿನ ಆ ಸೈಟಿನ ಗೊಡವೆಗೇ ಹೋಗುತ್ತಿರಲಿಲ್ಲ.

ನಮ್ಮ ಮನೆಯ ಪಕ್ಕದ ಸೈಟದು. ಹೊಲವಾಗಿದ್ದ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಆಮೇಲೆ ನನ್ನ ಮಾವ ರಾಮಯ್ಯನವರು ಅದನ್ನು ಹಳೇ ಬ್ಯಾಟರಿ ಒಡೆಯುವವರಿಗೆ ಬಾಡಿಗೆಗೆ ಕೊಟ್ಟರು. ಅವರು ವರ್ಷಗಟ್ಟಲೆ ಬ್ಯಾಟರಿ ಒಡೆದು, ಸೀಸ ಕರಗಿಸಿ, ಒಂದು ದಿನ ಶೆಡ್ ಬಿಚ್ಚಿಕೊಂಡು ಹೊರಟುಹೋದರು. ಸೀಸ ಮಣ್ಣಲ್ಲೇ ಉಳಿಯಿತು. ನಾನು ಸೊಸೆಯಾಗಿ ಬಂದ ಮೇಲೆ ಆ ಮಣ್ಣನ್ನು ಲ್ಯಾಬಿಗೆ ಕಳಿಸಿದೆ. ರಿಪೋರ್ಟ್ ನೋಡುತ್ತಲೇ ಕೈ ಹೊಟ್ಟೆಯ ಮೇಲೆ ಹೋಯಿತು. ಆಗ ನನಗೆ ಮೂರು ತಿಂಗಳು.

ಮಣ್ಣು ಅಗೆದು ಸಾಗಿಸೋಣವೆಂದರೆ ಲಾರಿಯವನು ಅರೆಕೆರೆ ಕಡೆ ಯಾವುದೋ ಖಾಲಿ ಜಾಗಕ್ಕೆ ಸುರಿದು ಬರುತ್ತೇನೆ ಎಂದ. ನಮ್ಮ ವಿಷ ಇನ್ನೊಬ್ಬರ ಬಾಗಿಲಿಗೆ! ಬೇಡವೆಂದೆ. ಕೊನೆಗೆ ದಾರಿ ತೋರಿಸಿದವರು ಲ್ಯಾಬಿನ ಚಕ್ರಪಾಣಿಯವರು. ಸಾಸಿವೆ ಬಿತ್ತಿ, ಅದು ಸೀಸವನ್ನು ಹೀರಿಕೊಳ್ಳುತ್ತದೆ ಎಂದರು. ಹೂ ಬಿಡುವ ಹೊತ್ತಿಗೆ ಬೇರು ಸಮೇತ ಕಿತ್ತು, ಮೂಟೆ ಕಟ್ಟಿ, ಅಪಾಯದ ಕಸ ತೆಗೆದುಕೊಳ್ಳುವವರಿಗೆ ಕೊಟ್ಟು, ಮತ್ತೆ ಬಿತ್ತಬೇಕು. ವರ್ಷಗಳು ಹಿಡಿಯುತ್ತವೆ, ತಾಳ್ಮೆ ಇರಲಿ ಎಂದರು.

ತಾಳ್ಮೆ! ಅದೊಂದನ್ನು ಬಿಟ್ಟು ಬೇರೇನಾದರೂ ಕೇಳಬಾರದಿತ್ತೇ?

ಬಿತ್ತಿದೆ. ‘ವಿಷ, ಮುಟ್ಟಬೇಡಿ’ ಎಂದು ಬೋರ್ಡು ನೆಟ್ಟೆ. ಸಂಜೆಗೆ ಬೋರ್ಡಿಲ್ಲ. ಮಾವನೇ ಕಿತ್ತಿದ್ದರು.

“ಊರಿಗೆಲ್ಲಾ ಡಂಗುರ ಹೊಡೀಬೇಡ ಹೇಮ. ನಾಳೆ ಈ ಸೈಟ್ ಕೊಳ್ಳೋರು ಯಾರು? ನಿಮ್ಮತ್ತೆಗೂ ಹೇಳ್ಬೇಡ. ಅವಳ ಬಾಯಲ್ಲಿ ಮಾತು ನಿಲ್ಲಲ್ಲ.”

“ಮಾವ, ಅದು ಸೀಸ!”

“ಗೇಟಿಗೆ ಬೀಗ ಹಾಕ್ತೀನಲ್ಲ, ಇನ್ನೇನು?”

ಗಂಡ ಮನೋಜ್, “ಅಪ್ಪನ ಹತ್ರ ಆರ್ಗ್ಯುಮೆಂಟ್ ಬೇಡ ಬಿಡೇ” ಎಂದ. ಅತ್ತೆಗೆ ನಾನೂ ಹೇಳಲಿಲ್ಲ. ಬೀಗದ ಕೈ ಮಾತ್ರ ಅಡುಗೆಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು.

ಗಿಡಗಳು ಚೆನ್ನಾಗಿ ಎದ್ದವು. ಆದರೆ ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಚಿಗುರು ಮಾಯ. ಹುಳು ಎಂದುಕೊಂಡೆ, ದನ ಎಂದುಕೊಂಡೆ, ಬಲೆ ಕಟ್ಟಿದೆ. ಬಲೆಯೊಳಗೂ ಚಿಗುರಿಲ್ಲ. ನನಗೆ ತಲೆ ಕೆಟ್ಟು ಹೋಯಿತು.

ನನಗೆ ಐದು ತಿಂಗಳು ತುಂಬುವ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ ಮುದ್ದೆ, ಬಸ್ಸಾರು. ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ ಅತ್ತೆ ಮಂಗಮ್ಮನವರನ್ನು ಕೇಳಿದೆ: “ಯಾವ ಸೊಪ್ಪು ಅತ್ತೆ ಇದು? ಸಖತ್ತಾಗಿದೆ.”

“ಬೆರಕೆ ಸೊಪ್ಪು ಕಣವ್ವ. ದಂಟು, ಕೀರೆ ಸಾರಕ್ಕಿ ಮಾರ್ಕೆಟ್‌ದು. ಸಾಸಿವೆ ನಮ್ ಸೈಟಿಂದು. ಕಣ್ಮುಂದೆ ಹಸಿರು ಸೊಪ್ಪಿರುವಾಗ ಹಾಗೇ ಬಲಿಯಕ್ಕೆ ಬಿಡ್ತಾರಾ? ಬಸುರಿ ಹೆಂಗ್ಸು, ನಿಂಗೆ ರಕ್ತ ಆಗ್ಲಿ ಅಂತ ಚಿಗುರು ಚಿವುಟ್ಕೊಂಡು ಬಂದೆ.”

ತಟ್ಟೆ ತಳ್ಳಿದೆ. ನಾನು ಕಿರುಚಿದ್ದು ಬೀದಿಗೇ ಕೇಳಿರಬೇಕು. ಆ ಮಣ್ಣಲ್ಲಿ ಏನಿದೆ, ಅದನ್ನು ಮುಚ್ಚಿಟ್ಟವರು ಯಾರು, ಎಲ್ಲವನ್ನೂ ಹೇಳಿದೆ. ಅತ್ತೆ ಮಾವನ ಕಡೆ ತಿರುಗಿ, “ಒಂದ್ ಮಾತು ನಂಗೆ ಹೇಳಕ್ಕಾಗ್ಲಿಲ್ವಾ?” ಎಂದರು.

ಮರುದಿನ ಅತ್ತೆ, ಮಾವ, ನಾನು ಮೂವರೂ ಜಯನಗರದ ಆಸ್ಪತ್ರೆಗೆ ಹೋದೆವು. ರಕ್ತ ತೆಗೆಸಿದ ಮೇಲೆ ಡಾಕ್ಟರ್, “ಎಷ್ಟು ಸಲ ತಿಂದಿದ್ದೀರಿ?” ಎಂದು ಕೇಳಿದರು.

“ನಂಗೆ ಗೊತ್ತಿರೋ ಹಾಗೆ ನಿನ್ನೆ ಒಂದ್ಸಲ,” ಎಂದೆ.

“ಇಲ್ಲ ಡಾಕ್ಟ್ರೇ,” ಎಂದರು ಅತ್ತೆ. “ಅವಳ್ಗೆ ಗೊತ್ತಿಲ್ಲ. ಚಿಗುರು ಬಂದಾಗಿಂದ ಹಾಕ್ತಾನೇ ಇದೀನಿ. ಪಲ್ಯಕ್ಕೆ, ಮಸ್ಸೊಪ್ಪಿಗೆ, ರೊಟ್ಟಿಗೂ.”

ಕೂಗಾಡಬೇಕು ಎನಿಸಿತು. ಬಾಯಿ ತೆರೆದರೆ ಅಳು ಬಂತು. ಹೊಟ್ಟೆಯೊಳಗೆ ಮಗು ಒದ್ದಿತು.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಬೇರೆ ಯಾರಾದ್ರೂ ತಿಂದಿದ್ದಾರಾ?”

“ಇಲ್ಲ ಸಾರ್, ಮನೆಯವ್ರಷ್ಟೇ,” ಎಂದರು ಮಾವ, ಥಟ್ಟನೆ.

ಅತ್ತೆ ಅವರನ್ನು ನೋಡಲೂ ಇಲ್ಲ. ಒಂದೊಂದೇ ಬೆರಳು ಮಡಿಸತೊಡಗಿದರು. “ಮೇಲ್ಮನೆ ಶಾಂತಾದೇವಿಗೆ ಕೊಟ್ಟೆ. ಅವ್ರ ಮೊಮ್ಮಗಳು ಲಿಖಿತಾ ಕೇಳಿ ಹಾಕಿಸ್ಕೊಂಡ್ಳು. ಮುನಿಯಕ್ಕ. ಕರೆಪ್ಪನ ಮನೆ. ಹಿಂದಿನ ಬೀದಿ ಐಶ್ವರ್ಯ, ಅವಳೂ ಈಗ ನಾಲ್ಕು ತಿಂಗಳ ಬಸುರಿ...”

ಒಂದು ಕೈಯ ಬೆರಳುಗಳು ಮುಗಿದವು. ಅತ್ತೆ ಇನ್ನೊಂದು ಕೈ ಚಾಚಿದರು.