ಬೆಳ್ಳಿ ಪಟ್ಟಿಯ ಪಾಲಯ್ಯ

ಪಾಲಯ್ಯನವರು ಕೆಲಸ ಮಾಡುವಾಗ ಕೆಲಸವನ್ನು ನೋಡುತ್ತಿರಲಿಲ್ಲ. ಮೋಟಾರಿನ ಬಾಗಿಲಿನಿಂದ ಬಿಚ್ಚಿ ತಂದ, ಬೆಳ್ಳಿಯಂತೆ ಹೊಳೆಯುವ ಉಕ್ಕಿನ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖವನ್ನು ಬಳ್ಳಾರಿಯ ಗುಡ್ಡದ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಬಲಗೈಯ ನಡುಬೆರಳನ್ನು ಈ ತುದಿಯಿಂದ ಆ ತುದಿಗೆ ಎಷ್ಟು ನಿಧಾನವಾಗಿ ಎಳೆಯುತ್ತಿದ್ದರೆಂದರೆ, ಮೊದಲ ಸಲ ಕಂಡವರು ಮನುಷ್ಯ ಕೂತಲ್ಲೇ ನಿದ್ದೆಹೋದನೆಂದು ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದು, ಎಬ್ಬಿಸಲೆಂದು ಕೆಮ್ಮಿದೆ.

"ಕೆಮ್ಮಬ್ಯಾಡ್ರಿ ಮೇಷ್ಟ್ರ, ಬೆರಳು ದಾರಿ ತಪ್ಪತೈತಿ" ಎಂದರು, ಕಣ್ಣು ತೆರೆಯದೆಯೇ. ನಾನು ಮೇಷ್ಟ್ರೆಂದು ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ, ಅಷ್ಟು ಅಧಿಕಾರದಿಂದ ಕೆಮ್ಮುವವರು ತಹಶೀಲ್ದಾರರು ಇಲ್ಲವೇ ಮೇಷ್ಟ್ರು, ತಹಶೀಲ್ದಾರರು ಈ ಓಣಿಗೆ ಬರುವುದಿಲ್ಲ ಎಂದರು.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಕೌಲ್‌ಬಜಾರಿನ ಹಿಂದೆ ತಗಡಿನ ಮಾಡು ಹೊದಿಸಿದ ಒಂದು ಗುಡಿಸಲೇ ಅವರು ನೆಗ್ಗಿದ ಪಟ್ಟಿ ತಿದ್ದುವ ಅಂಗಡಿ. ಕುಳ್ಳು ಮೈಕಟ್ಟು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಮೈಮೇಲೆ ವರ್ಷದ ಹನ್ನೆರಡು ತಿಂಗಳೂ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಖಾಕಿ ಕೋಟು. ನಮ್ಮೂರಿಗೆ ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ. ಎರಡರಲ್ಲೂ ಆ ಕೋಟಿನ ಕೊರಳ ಗುಂಡಿ ಬಿಚ್ಚಿದ್ದನ್ನು ನಾನು ಕಂಡವನಲ್ಲ. ಗುಂಡಿಗಳಂತೂ ಮುಖ ನೋಡಿಕೊಳ್ಳುವಷ್ಟು ಥಳಥಳ. "ಅಂಗಡಿಗೆ ಬೋರ್ಡ್ ಇಲ್ಲಲ್ರಿ, ಇವೇ ನನ್ನ ಬೋರ್ಡ್" ಎನ್ನುತ್ತಿದ್ದರು. ಆಗೆಲ್ಲ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವರ ಮನೆಯ ನೀರು ಕುಡಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅವರದು ಬಾದನಹಟ್ಟಿಯ ಕಡೆಯ ಮನೆತನ. ತಂದೆ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದವರು. ತೊಗಲು ಎಲ್ಲಿ ತೆಳುವಾಗಿದೆ, ಯಾವ ಜಾಗ ನಾಳೆ ಸೋರೀತು ಎಂಬುದನ್ನು ಬೆರಳಿನಿಂದ ಸವರಿಯೇ ಹೇಳುವ ವಿದ್ಯೆ ಮಗನಿಗೆ ಹಾಲಿನೊಂದಿಗೆ ಬಂದದ್ದು. ಊರು ಯಾವ ಕಸುಬಿಗೆ ಮೂಗು ಮುಚ್ಚಿಕೊಂಡಿತೋ ಆ ಕಸುಬೇ ಆ ಬೆರಳಿಗೆ ಕಣ್ಣು ಕೊಟ್ಟಿತ್ತು. ಯುದ್ಧಕಾಲದಲ್ಲಿ ಮಿಲಿಟರಿ ಮೋಟಾರು ಷೆಡ್ಡಿಗೆ ಕಸ ಗುಡಿಸಲು ಸೇರಿದವರು, ಅಧಿಕಾರಿಗಳ ಕಾರಿನಿಂದ ಕಿತ್ತೆಸೆದ ಒಂದು ನೆಗ್ಗಿದ ಪಟ್ಟಿಯನ್ನು ಹೆಕ್ಕಿಕೊಂಡು, ಹಿತ್ತಾಳೆಯ ತಂಬಿಗೆಯಂತೆ ಇದೂ ಮೆತ್ತಗಾದೀತೆಂದು ಒಲೆಯಲ್ಲಿ ಕಾಯಿಸಿದರಂತೆ. ಪಟ್ಟಿ ಮೆತ್ತಗಾಗಲಿಲ್ಲ, ನೀಲಿಗಟ್ಟಿ ಕೂತಿತು. ಆ ನೀಲಿ ಪಟ್ಟಿಯನ್ನು ಅಂಗಡಿಯ ಬಾಗಿಲಿಗೇ ತೂಗುಹಾಕಿದ್ದರು. ಬಂದ ಗಿರಾಕಿಗೆಲ್ಲ ಮೊದಲು ಅದೇ ದರ್ಶನ: "ಇದು ನಾ ಕೆಡಿಸಿದ್ದು ನೋಡ್ರಿ. ನೋಡಿ, ಆಮ್ಯಾಲ ಕೊಡೋದಿದ್ರ ಕೊಡ್ರಿ."

ತುಕ್ಕು ಹಿಡಿಯದ ಆ ಉಕ್ಕಿನ ಸ್ವಭಾವ ವಿಚಿತ್ರವಾದದ್ದು. ಹೊಡೆದಷ್ಟೂ ಗಡುಸಾಗುತ್ತದೆ, ಒಂದು ಪೆಟ್ಟು ಹೆಚ್ಚಾದರೆ ಬಿರಿಯುತ್ತದೆ. ಆದ್ದರಿಂದ ಪಾಲಯ್ಯನವರು ಪೆಟ್ಟುಗಳನ್ನು ಎಣಿಸುತ್ತಿದ್ದರು, ಅದೂ ಷೆಡ್ಡಿನಲ್ಲಿ ಕಲಿತ ತೆಲುಗಿನಲ್ಲಿ: ಒಕಟಿ, ರೆಂಡು, ಮೂಡು. ತಂದೆ ಹೊಲಿದ ತೊಗಲಿನ ಚೀಲಕ್ಕೆ ಮರಳು ತುಂಬಿ, ಪಟ್ಟಿಯನ್ನು ಅದರ ಮೇಲೆ ಬೋರಲು ಮಲಗಿಸಿ, ಹುಣಸೆ ಮರದ ಗೂಟವನ್ನು ನೆಗ್ಗಿನ ಬೆನ್ನಿಗೆ ಕೊಟ್ಟು ಮೆಲ್ಲಗೆ ತಟ್ಟುವುದು. ಬಳಿಕ ಮೇಲ್ಮೈಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಚಪ್ಪಟೆ ಕಲ್ಲಿನಿಂದ ಉಜ್ಜುವುದು. ಉಬ್ಬಿದಲ್ಲಿ ಮಸಿ ಹೋಗುತ್ತದೆ, ತಗ್ಗಿದಲ್ಲಿ ಉಳಿಯುತ್ತದೆ. ಉಳಿದಲ್ಲಿ ಮತ್ತೆ ಎರಡು ಪೆಟ್ಟು. ಕೊನೆಗೆ ಒರಟಿನಿಂದ ನಯಕ್ಕೆ ಐದು ಬಗೆಯ ಉಪ್ಪುಕಾಗದ, ಆಮೇಲೆ ಬೂದಿ, ಆಮೇಲೆ ಬರಿಯ ತೊಗಲು. "ಆತೇನು ಪಾಲಯ್ಯ?" ಎಂದು ಯಾರು ಕೇಳಿದರೂ "ಆಗಾಕ ಹತ್ತೈತ್ರಿ" ಎಂಬುದೊಂದೇ ಉತ್ತರ. 'ಆಯಿತು' ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಹೆಂಡತಿ ಗಂಗಕ್ಕ ರೊಟ್ಟಿಯ ಗಂಟು ತಂದಿಡುತ್ತ ನನ್ನೆದುರೇ ಚುಚ್ಚುತ್ತಿದ್ದರು: "ನಮ್ಮ ಮನಿ ತಂಬಿಗಿ ನೆಗ್ಗಿ ಮೂರು ವರ್ಷ ಆತ್ರಿ. ಮೋಟಾರಿನೋರಿಗೆ ಮಾತ್ರ ಈ ಕೈ ಆಡ್ತಾವು."

ಒಂದು ದಿನ ಸಿರುಗುಪ್ಪದ ಶರಭನಗೌಡರ ಡ್ರೈವರ್ ಪಕ್ಕೀರಪ್ಪ, ಒಡೆಯರ ಕಪ್ಪು ಅಮೆರಿಕನ್ ಮೋಟಾರನ್ನು ತಂದು ಗುಡಿಸಲ ಮುಂದೆ ನಿಲ್ಲಿಸಿದ. ಗೌಡರು ಹತ್ತಿ ಜಿನ್ನಿನ ಗಿರಣಿಯ ಮಾಲೀಕರು, ಮದ್ರಾಸಿಗೆ ಹೋಗಿದ್ದರು. ಕುರುಗೋಡಿನಲ್ಲಿ ಕಲ್ಲು ಹೇರಿದ ಎತ್ತಿನ ಗಾಡಿಯೊಂದರ ಅಚ್ಚಿನ ತುದಿ ಮೋಟಾರಿನ ಪಕ್ಕೆಗೆ ಉಜ್ಜಿತ್ತು. ಪುಣ್ಯಕ್ಕೆ ಬಣ್ಣ ಉಳಿದಿತ್ತು. ಬೆಳ್ಳಿ ಪಟ್ಟಿ ಮಾತ್ರ ಮೂರು ಕಡೆ ನೆಗ್ಗಿತ್ತು. ಹೊಸದು ತರಿಸೋಣವೆಂದರೆ ಅದು ಬರಬೇಕಾದದ್ದು ಸಮುದ್ರದಾಚೆಯಿಂದ. ಹಿಂದಿನ ಡ್ರೈವರನನ್ನು ಗೌಡರು ಕೆಲಸದಿಂದ ಬಿಡಿಸಿದ್ದು ಒಂದು ಗೀರಿಗಾಗಿ.

"ಯಣ್ಣಾ, ಗೌಡ್ರು ಬರೋದ್ರಾಗ ಮಾಡಿಕೊಡು. ಅವ್ರಿಗೆ ಗೊತ್ತಾಗಬಾರ್ದು."

"ಮಾಡ್ತೀನಿ. ಆದ್ರ ನೀ ಹೇಳಬೇಕು."

"ಹೇಳಿದ್ರ ನೌಕ್ರಿ ಹೋಕ್ಕೈತಿ!"

"ಹೇಳಲಿಲ್ಲಂದ್ರ ನಾ ಮಾಡಿದ್ದು ಯಾರಿಗೆ ತಿಳೀತೈತಿ? ಕದ್ದು ಮಾಡೋ ಕೆಲಸಕ್ಕ ಬ್ಯಾರೆ ಮಂದಿ ಅದಾರ, ಹೋಗು" ಎಂದರು ಪಾಲಯ್ಯ. ಇದನ್ನು ಸತ್ಯನಿಷ್ಠೆ ಎಂದು ಕರೆದು ಅವರನ್ನು ಹರಿಶ್ಚಂದ್ರನ ಪಕ್ಕದಲ್ಲಿ ಕೂರಿಸುವ ಆಸೆ ನನಗಿಲ್ಲ. ಅದು ಶುದ್ಧ ಅಭಿಮಾನ. ಕಣ್ಣಿಗೆ ಕಾಣದಂತೆ ಮಾಡುವುದೇ ಅವರ ಕಲೆ. ನೆಗ್ಗಿತ್ತೆಂದು ಹೇಳದಿದ್ದರೆ ಆ ಕಲೆ ಇದ್ದೂ ಇಲ್ಲದಂತೆ. ಬೇರೆ ಗತಿಯಿಲ್ಲದೆ ಪಕ್ಕೀರಪ್ಪ ಒಪ್ಪಿದ. ಗೌಡರ ಸೋದರಳಿಯ ನನ್ನ ಶಿಷ್ಯನಾದ್ದರಿಂದ, ಒಂದು ಮಾತು ಹೇಳಲು ನೀವೂ ಬರಬೇಕೆಂದು ನನ್ನ ಕಾಲಿಗೆ ಬಿದ್ದ.

ಆರು ದಿನದ ಮೇಲೆ, ಗೌಡರು ಮರಳಿದಾಗ, ಅವರ ಮನೆಯಂಗಳದಲ್ಲಿ ನಾವು ಮೂವರೂ ನಿಂತಿದ್ದೆವು. ನಾನು ಕಟ್ಟೆಯ ಮೇಲೆ, ಪಕ್ಕೀರಪ್ಪ ಮೋಟಾರಿನ ಪಕ್ಕ, ಪಾಲಯ್ಯನವರು ಊರಿನ ರೂಢಿಯಂತೆ ಹತ್ತು ಹೆಜ್ಜೆ ದೂರದ ಬೇವಿನ ಬುಡದಲ್ಲಿ. ಪಕ್ಕೀರಪ್ಪ ಹೇಳಿ ಮುಗಿಸುವ ಮೊದಲೇ ಗೌಡರ ಮುಖ ಕೆಂಪೇರಿತು. "ಕೀಲಿಕೈ ಇಲ್ಲಿಡು, ಮನಿಗೆ ನಡಿ" ಎಂದರು. ಒಂದು ಮಾತು ಹೇಳಲು ಬಂದ ನಾನು ಧೋತರದ ಅಂಚು ಸರಿಮಾಡಿಕೊಳ್ಳುತ್ತ ನಿಂತೆ. ದಿನವೆಲ್ಲ ಪಾಠ ಹೇಳುವ ಬಾಯಿ!

"ಗೌಡ್ರ, ಒಂದು ಮಾತ್ರಿ" ಎಂಬ ದನಿ ಬೇವಿನ ಬುಡದಿಂದ ಬಂತು. "ಪೆಟ್ಟು ಎಲ್ಲಿ ಬಿದ್ದಿತ್ತು, ಬೆರಳಿಟ್ಟು ತೋರಿಸ್ರಿ. ತೋರಿಸಿದ್ರ ಆತನ್ನ ಬಿಡಿಸ್ರಿ, ನಾನೂ ಇವತ್ತಿಂದ ಸುತ್ತಿಗಿ ಮುಟ್ಟಂಗಿಲ್ಲ. ಆಗಲಿಲ್ಲಂದ್ರ ಆತನ್ನ ಇಟ್ಕೋರಿ."

ಗೌಡರು ಹಟದ ಮನುಷ್ಯರು, ಆದರೆ ಆಟ ಬಲ್ಲವರು. ಕನ್ನಡಕ ಹಾಕಿಕೊಂಡು ಬಾಗಿ, ಕುಕ್ಕರುಗಾಲಲ್ಲಿ ಕೂತು, ಬಿಸಿಲಿಗೆ ಅಡ್ಡ ನೋಡಿ, ಮೋಟಾರನ್ನು ಎರಡು ಸುತ್ತು ಬಂದರು. ಎಡಬದಿಯ ಹಿಂದಿನ ಬಾಗಿಲಲ್ಲಿ ಬೆರಳಿಟ್ಟು "ಇಲ್ಲೈತಿ!" ಎಂದರು.

"ಆ ಬದಿ ಪಟ್ಟಿ ನಾ ಬಿಚ್ಚೇ ಇಲ್ರಿ. ಅದು ಅಮೆರಿಕದಾಗ ಹಂಗ ಮಾಡಿದ್ದು."

ಬಲಕ್ಕೆ ಬಂದು ಮುಂದಿನ ಬಾಗಿಲು ತೋರಿಸಿದರು, ಅದೂ ಅಲ್ಲ. ಕೊನೆಗೆ ಕನ್ನಡಕ ತೆಗೆದು, ಬೆವರೊರೆಸಿಕೊಂಡು, "ಆತು, ಸೋತೆ. ಪಕ್ಕೀರ ಇರ್ಲಿ" ಎಂದರು. ಪಕ್ಕೀರಪ್ಪ ಕೀಲಿಕೈಯನ್ನು ತಿರುಗಿ ಜೇಬಿಗಿಳಿಸಿದ. ನನ್ನ ಎದೆ ಹಿಗ್ಗಿತು, ಆ ಪಟ್ಟಿಯನ್ನು ನಾನೇ ತಿದ್ದಿದವನಂತೆ!

ಅಲ್ಲಿಗೆ ಮುಗಿಯಬೇಕಿತ್ತು. ಪಾಲಯ್ಯನವರು ಕೋಟು ಸರಿಮಾಡಿಕೊಂಡು, ಎಡಗಾಲೆಳೆಯುತ್ತ ಆ ಹತ್ತು ಹೆಜ್ಜೆಯನ್ನೂ ನಡೆದು ಬಂದರು. ಗೌಡರ ತೋರುಬೆರಳನ್ನು ತಮ್ಮ ಕೈಯಲ್ಲಿ ಹಿಡಿದು, ಬಲಬದಿಯ ಹಿಂದಿನ ಬಾಗಿಲ ಪಟ್ಟಿಯ ಮೇಲೆ ಒಂದು ಕಡೆ ಇಟ್ಟರು.

"ಇಲ್ಲೈತ್ರಿ. ಕೂದಲೆಳಿ ಅಷ್ಟು ತಗ್ಗು. ಇನ್ನೊಂದು ಪೆಟ್ಟು ಕೊಟ್ಟಿದ್ರ ಬಿರೀತಿತ್ತು. ನನ್ನ ಕೈಲಿ ಹೋಗ್ಲಿಲ್ಲ."

"ಗೆದ್ದದ್ದು ಕಳದ್ಯಲ್ಲೋ ಯಣ್ಣಾ!" ಎಂದು ಪಕ್ಕೀರಪ್ಪ ಕೂಗಿದ. ಅಂಗಳದಲ್ಲಿ ಆಳುಗಳೆಲ್ಲ ಕಲ್ಲಾಗಿ ನಿಂತಿದ್ದರು. ಅವರು ನೋಡುತ್ತಿದ್ದುದು ಪಟ್ಟಿಯನ್ನಲ್ಲ, ಹಿಡಿದ ಕೈಯನ್ನು. ಗೌಡರೂ ಅದನ್ನೇ ನೋಡುತ್ತಿದ್ದರು. ಆ ಊರಲ್ಲಿ ಹತ್ತು ಹೆಜ್ಜೆ ದೂರ ನಿಲ್ಲಬೇಕಾದವರ ಕೈ ಗೌಡರ ಕೈಯನ್ನು ಹಿಡಿದದ್ದಿರಲಿಲ್ಲ.

"ನನಗೇನೂ ತಿಳೀವಲ್ದು" ಎಂದರು ಗೌಡರು, ಮೆಲ್ಲಗೆ.

"ನಿಮಗ ತಿಳಿಯಂಗಿಲ್ರಿ" ಎಂದರು ಪಾಲಯ್ಯ. ಅದರಲ್ಲಿ ಸಮಾಧಾನವೂ ಇರಲಿಲ್ಲ, ಸೊಕ್ಕೂ ಇರಲಿಲ್ಲ, ಇದ್ದದ್ದನ್ನು ಹೇಳಿದ್ದಷ್ಟೆ.

ಗೌಡರು ಬೆರಳು ಕಿತ್ತುಕೊಳ್ಳಲಿಲ್ಲ. "ತೋರಿಸಿದವ ನೀನು, ನಾನಲ್ಲ. ಪಕ್ಕೀರ ಇರ್ತಾನ, ನೀನೂ ಸುತ್ತಿಗಿ ಬಿಡಬ್ಯಾಡ" ಎಂದು, ತುಸು ತಡೆದು, "ಇನ್ನೊಮ್ಮೆ ತೋರಿಸು" ಎಂದರು.

ಗೆದ್ದು ತಲೆಯೆತ್ತುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಸೋತು ತಲೆತಗ್ಗಿಸುವವರನ್ನೂ ನೋಡಿದ್ದೇನೆ. ಯಾರ ಕಣ್ಣಿಗೂ ಬೀಳದ ತನ್ನ ಕೊರತೆಯನ್ನು ತಾನೇ ತಲೆಯೆತ್ತಿ ತೋರಿಸಬಲ್ಲವರು ವಿರಳ. ಅವರಿಗೆ ಹೊಗಳಿಕೆಯೂ ನಮ್ಮಿಂದ ಬೇಕಿಲ್ಲ, ತೀರ್ಪೂ ನಮ್ಮಿಂದ ಬೇಕಿಲ್ಲ, ಎರಡನ್ನೂ ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಹುಟ್ಟಿದಂದಿನಿಂದ ಇಂಥವರಿಗೆ ತಗ್ಗಿ ನಡೆ ಎಂದು ಪಾಠ ಹೇಳುತ್ತ ಬಂದ ಸಮಾಜದಲ್ಲಿ ನಾನೂ ಒಬ್ಬ ಮೇಷ್ಟ್ರು.